ತಾತನ ಅಪ್ಪನ ಹೆಸರು ಕೇಳಿದ್ದಕ್ಕೆ

ವಂಶದ ಚರಿತ್ರೆ ಹುಡುಕುತ್ತೇನೆ ಅಂತ ಗೌಡ ಹೇಳಿದ್ದೇ ತಡ, ಬೈಟು ಕಾಫಿಗೆ ಕೂತಿದ್ದ ನಾವೆಲ್ಲ ಸಲಹೆ ಕೊಡಲು ಶುರು ಮಾಡಿದೆವು.

“ಮೊದಲು ಮನೆಯ ಹಿರಿಯರನ್ನು ಕೇಳು,” ಎಂದ ಭಟ್ಟ.

“ಕೇಳಿದೆ ಕಣೋ. ಚಿಕ್ಕಪ್ಪನಿಗೆ ಫೋನ್ ಮಾಡಿ ತಾತನ ಅಪ್ಪನ ಹೆಸರೇನು ಅಂದೆ. ‘ಯಾಕಪ್ಪಾ, ಯಾವ ಸರ್ವೆ ನಂಬರಿಗೆ?’ ಅಂದರು.”

ಚಿಕ್ಕಪ್ಪನನ್ನು ಬೈಯುವಂತಿಲ್ಲ. ನಮ್ಮಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿಯಿಂದ ತಂದು, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅರ್ಜಿಗೆ ಹಚ್ಚುವ ಕಾಗದ. ಅದನ್ನು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ ಅಂದರೆ ಯಾರು ನಂಬುತ್ತಾರೆ?

“ಅತ್ತೇನ ಕೇಳಪಾ, ಹೆಣ್ಮಕ್ಕಳಿಗೆ ನೆನಪು ಜಾಸ್ತಿ,” ಎಂದ ಪಾಟೀಲ.

“2005ರಲ್ಲಿ ಆಸ್ತಿ ಕಾನೂನಿಗೆ ತಿದ್ದುಪಡಿ ಆದಮೇಲೆ ಅವರಿಗೂ ಪಾಲು ಇದೆಯಲ್ಲ, ಅವರೂ ಈಗ ಹುಷಾರು!”

ಆದರೂ ಅತ್ತೆ ಒಂದು ಮಾತು ಹೇಳಿದ್ದರಂತೆ. ಮುತ್ತಜ್ಜನ ಕಡೆಯವರು ಧಾತು ಬರದಲ್ಲಿ ಊರು ಬಿಟ್ಟು ಬಂದವರು ಅಂತ. ಭಟ್ಟ ತಕ್ಷಣ ಬೆರಳು ಮಡಚಿದ. “ಧಾತು ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ ಮಾರಾಯ. 1876, 1936, 1996. ಯಾವುದು?”

“1996ರಲ್ಲಿ ಊರು ಬಿಟ್ಟವನು ನಾನು. ಪಿಯುಸಿಗೆ.”

ಹಾಗಾದರೆ 1876ರದ್ದೇ, ಬರ ಅಂದರೆ ಅದೇ ತಾನೆ. ಅದು 78ರವರೆಗೂ ಎಳೆಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ ಇದ್ದರು, 1881ಕ್ಕೆ ಅದು 42 ಲಕ್ಷಕ್ಕೆ ಇಳಿದಿತ್ತು. ಅತ್ತೆ ಮಾತ್ರ ಇದನ್ನೆಲ್ಲ “ಆಗ ತಿನ್ನಕ್ಕೆ ಇರಲಿಲ್ಲ ಕಣಪ್ಪ” ಅಂತ ಒಂದೇ ಸಾಲಲ್ಲಿ ಮುಗಿಸಿ ಫೋನ್ ಇಟ್ಟರಂತೆ. ತಾರೀಕು ಕೇಳಿದರೆ ಹಿರಿಯರು ಬರ ಹೇಳುತ್ತಾರೆ, ಪ್ಲೇಗು ಹೇಳುತ್ತಾರೆ, ಕೆರೆ ಒಡೆದದ್ದು ಹೇಳುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳಬೇಕು, ಇಸವಿ ಆಮೇಲೆ ನೋಡಿಕೊಂಡರಾಯಿತು. ಶಾಲೆಯ ದಾಖಲೆಯನ್ನಂತೂ ನಂಬಲೇಬೇಡಿ. ಗೌಡನ ಅಪ್ಪ, ದೊಡ್ಡಪ್ಪ, ಅತ್ತೆ ಮೂವರೂ ಹುಟ್ಟಿದ್ದು ಜೂನ್ 1. ಮೇಷ್ಟ್ರು ಶಾಲೆಗೆ ಸೇರಿಸಿಕೊಂಡ ದಿನ ಕೊಟ್ಟ ಹುಟ್ಟುಹಬ್ಬ ಅದು.

“ಪಹಣಿ ತೆಗೆಸಿದೆಯಾ?” ಎಂದೆ. ತೆಗೆಸಿದ್ದ. ಈಗಿನದು ಮೊಬೈಲಲ್ಲೇ ಸಿಗುತ್ತದೆ, ಹಳೆಯದಕ್ಕೆ ಅವನು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಿದ್ದ. ಅಲ್ಲಿ ಸಿಕ್ಕ ನಕಲನ್ನು ಜೇಬಿಂದ ತೆಗೆದು ಟೇಬಲ್ ಮೇಲೆ ಹರಡಿದ. ತಿಮ್ಮೇಗೌಡ ಬಿನ್ ಬೋರೇಗೌಡ, ಅಂದರೆ ಬೋರೇಗೌಡನ ಮಗ ತಿಮ್ಮೇಗೌಡ. ಅದರ ಹಿಂದಿನದು ಬೋರೇಗೌಡ ಬಿನ್ ತಿಮ್ಮೇಗೌಡ. ಅದರ ಹಿಂದಿನದು ಮತ್ತೆ ತಿಮ್ಮೇಗೌಡ ಬಿನ್ ಬೋರೇಗೌಡ. ಮೊಮ್ಮಗನಿಗೆ ತಾತನ ಹೆಸರು ಇಟ್ಟೂ ಇಟ್ಟೂ ಎರಡೇ ಹೆಸರಲ್ಲಿ ನೂರು ವರ್ಷ ಕಳೆದಿದ್ದಾರೆ! ಹೆಂಗಸರದ್ದು ಇನ್ನೂ ಕಷ್ಟ. ಗಂಡ ಸತ್ತ ಮೇಲೆ ಜಮೀನು ಹೆಸರಿಗೆ ಬಂದರೆ ಮಾತ್ರ ಇಂಥವರು ಕೋಂ ಇಂಥವರು, ಅಂದರೆ ಇಂಥವರ ಹೆಂಡತಿ ಅಂತ ಕಾಣಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲವೇ ಇಲ್ಲ.

“ನಮ್ಮ ಶ್ರಾದ್ಧದಲ್ಲಿ ಅಮ್ಮ, ಅಜ್ಜಿ, ಮುತ್ತಜ್ಜಿ ಮೂವರ ಹೆಸರೂ ಹೇಳಬೇಕು,” ಎಂದು ಭಟ್ಟ ಬೀಗಿದ.

“ನಾಲ್ಕನೆಯವರು?”

ಭಟ್ಟ ಕಾಫಿ ಕುಡಿದ.

ಉಡುಪಿಯ ಶೆಟ್ಟಿ ಆ ತನಕ ವಡೆಯಲ್ಲಿ ಮುಳುಗಿದ್ದ. “ನೀವೆಲ್ಲ ಉಲ್ಟಾ ಹುಡುಕುವುದು ಮಾರಾಯ್ರೆ. ನಮ್ಮಲ್ಲಿ ಬರಿ, ಅಂದರೆ ಗೋತ್ರದ ಹಾಗೆ, ಬರುವುದು ತಾಯಿಯಿಂದ, ಅಳಿಯಸಂತಾನ. ಹಿಂದೆ ಆಸ್ತಿಯೂ ಮಾವನಿಂದ ಅಕ್ಕತಂಗಿಯ ಮಕ್ಕಳಿಗೇ ಹೋಗುತ್ತಿತ್ತು. ಅಪ್ಪನ ಅಪ್ಪ ಯಾರೆಂದು ಯಾರಿಗೆ ಬೇಕು?”

“ಅಂದರೆ ನಿಮ್ಮಲ್ಲಿ ಚಿಕ್ಕಪ್ಪನಿಗೆ ಹೆದರಬೇಕಿಲ್ಲ?”

“ಇಲ್ಲ. ಸೋದರಮಾವನಿಗೆ ಹೆದರಬೇಕು.”

ಪಾಟೀಲನ ಗೋಳು ಬೇರೆ. ಅವನ ಮನೆಯ ಪೆಟ್ಟಿಗೆ ತುಂಬ ಹಳೆ ಕಾಗದ ಇವೆ, ಎಲ್ಲ ಮುಂಬಯಿ ಪ್ರಾಂತದ ಕಾಲದವು, ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ. ಅಕ್ಷರಗಳು ಒಂದರ ಕೈ ಒಂದು ಹಿಡಿದುಕೊಂಡು ಓಡುತ್ತವೆ, ಮನೆಯಲ್ಲಿ ಓದುವವರೇ ಇಲ್ಲ. ಕಲಬುರಗಿ ಕಡೆಯವನಾಗಿದ್ದರೆ ನಿಜಾಮರ ಕಾಲದ ಉರ್ದು ಕಾಗದಕ್ಕೆ ಇದೇ ಗೋಳು. ನನ್ನ ಕೇಳಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆ ಪಾಲುಪಟ್ಟಿಯಷ್ಟು ಒಳ್ಳೆಯ ಪುಸ್ತಕ ಬೇರೆ ಇಲ್ಲ. ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದ ಮನೆಗಳಲ್ಲಿ ಎಲ್ಲರ ಹೆಸರೂ, ಹಿತ್ತಲಿನ ಹುಣಸೆಮರವೂ, ಬಾವಿಯಲ್ಲಿ ಯಾರಿಗೆ ಎಷ್ಟು ನೀರು ಅನ್ನುವುದೂ ಬರವಣಿಗೆಯಲ್ಲಿದೆ. ಕೂಡಿ ಬಾಳಿದವರದ್ದು ಏನೂ ಉಳಿದಿಲ್ಲ.

“ಇದೆಲ್ಲ ಯಾಕ ಬೇಕು? ಹೆಳವ ಬರ್ತಾನ,” ಎಂದ ಪಾಟೀಲ. “ಸುಗ್ಗಿ ಮುಗಿದ ಮ್ಯಾಲೆ ಎತ್ತಿನ ಮ್ಯಾಲೆ ಕೂತು ಗಂಟಿ ಬಾರಿಸಿಕೋತ ಬಂದು, ಬಾಗಿಲ ಮುಂದ ನಿಂತು ನಮ್ಮ ಮುತ್ತಜ್ಜನ ಮುತ್ತಜ್ಜನ ತನಕ ಹೇಳ್ತಾನ. ಪುಸ್ತಕದಾಗ ಬರಕೊಂಡಿರ್ತಾನ.”

ಗೌಡನ ಕಣ್ಣು ಅರಳಿತು. “ನಮ್ಮ ಮನೆಗೂ ಬರುತ್ತಾನಾ?”

“ನಿಮ್ಮ ಮನೆತನದ ಹೆಳವ ಬ್ಯಾರೆ ಇರ್ತಾನ. ಹುಡುಕು. ಆದ್ರ ನಿಮ್ಮ ಅಜ್ಜ ಅವನಿಗೆ ಕಾಳು ಕೊಟ್ಟಿದ್ದಾರೋ ಇಲ್ಲೋ ಮೊದಲು ಕೇಳಿಕೋ. ಬಾಕಿ ಇದ್ರ ಅದನ್ನೂ ಮಂದಿ ಮುಂದ ಹಾಡ್ತಾನ.”

“ಯಾರನ್ನು ಕೇಳಲಿ?”

“ಚಿಕ್ಕಪ್ಪನ್ನ.”