ಹೊಸ ಸಿಸಿ ರಸ್ತೆ ವರ್ಷ ತುಂಬುತ್ತಲೇ ಎದ್ದುಹೋಗಿದೆ: ಯಾವ ಕಾಗದ ಕೇಳಬೇಕು, ಯಾರನ್ನು ಕೇಳಬೇಕು?

ನಾಲೆ ಬಯಲು (ಮಂಡ್ಯ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಳಗೆ ಸಿಸಿ ರಸ್ತೆ ಹಾಕಿ 14 ತಿಂಗಳಾಯ್ತು. ಉದ್ದ ಸುಮಾರು 120 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಅಂತ ಕೆಲಸ ನಡೆಯುವಾಗ ಹೇಳಿದ್ದರು. ಈಗ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಏಳ್ತಾ ಇದೆ, ಜಲ್ಲಿ ಹೊರಗೆ ಕಾಣ್ತಿದೆ. ಮೂರು ಕಡೆ ಅಡ್ಡಕ್ಕೆ, ಒಂದು ಕಡೆ ಉದ್ದಕ್ಕೆ ಬಿರುಕು ಬಿಟ್ಟಿದೆ. ಗದ್ದೆ ಕಡೆಯ ಅಂಚು ಕೂತುಹೋಗಿದೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡೋದು ಇದೇ ದಾರೀಲಿ. ನಲ್ಲಿ ಪೈಪಿಗೆ ಅಂತ ಒಂದು ಕಡೆ ಅಗೆದು ಅರ್ಧಂಬರ್ಧ ಮುಚ್ಚಿದ್ದಾರೆ. ಕಾಮಗಾರಿ ಬೋರ್ಡಿನಲ್ಲಿ ಊರಿನ ಹೆಸರು ಬಿಟ್ಟರೆ ಮೊತ್ತ, ಯೋಜನೆ ಎಲ್ಲ ಅಳಿಸಿಹೋಗಿದೆ.

"ರಸ್ತೆ ಏಕೆ ಹಾಳಾಯಿತು, ಯಾರು ಹೊಣೆ, ಏನು ಕ್ರಮ ಕೈಗೊಂಡಿದ್ದೀರಿ" ಅಂತ ಮಾಹಿತಿ ಹಕ್ಕಿನಲ್ಲಿ ಪಂಚಾಯಿತಿಗೆ ಅರ್ಜಿ ಹಾಕಿದ್ದಕ್ಕೆ, "ಅರ್ಜಿ ಪ್ರಶ್ನೆ ರೂಪದಲ್ಲಿದೆ, ಮಾಹಿತಿ ನೀಡಲು ಅವಕಾಶವಿಲ್ಲ" ಎಂಬ ಹಿಂಬರಹ ಬಂದಿದೆ. ಇಂಜಿನಿಯರ್ ಕಚೇರಿಯಲ್ಲಿ ಕೇಳಿದರೆ ಪೈಪಿನವರು ಅಗೆದದ್ದಕ್ಕೆ ಹಾಳಾಯ್ತು ಅಂತಾರೆ. ಮುಂದೆ ಹೇಗೆ ಹೋಗಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

---

ಅಳತೆ ಪುಸ್ತಕ

ಹಿಂಬರಹ ನೋಡಿ ಬೇಸರ ಮಾಡ್ಕೋಬೇಡಿ. ಅದರ ಮೇಲೆ ಮೇಲ್ಮನವಿ ಹೋಗುವುದಕ್ಕಿಂತ ಇನ್ನೊಂದು 10 ರೂಪಾಯಿ ಕಟ್ಟಿ ಹೊಸ ಅರ್ಜಿ ಹಾಕುವುದು ಬೇಗ ಆಗುತ್ತದೆ. ಮಾಹಿತಿ ಹಕ್ಕಿನಲ್ಲಿ "ಏಕೆ" ಎಂದು ಕೇಳಿದರೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ. ಕಡತದಲ್ಲಿ ಇರುವ ಕಾಗದವನ್ನು ಹೆಸರು ಹಿಡಿದು ಕೇಳಿದರೆ ಆ ದಾರಿ ಇರುವುದಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೆರಡು ಕಟ್ಟುಪಾಡು ಇವೆ: ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ರಸ್ತೆ, ಬೀದಿದೀಪ, ಚರಂಡಿ ಎಲ್ಲ ಒಂದರಲ್ಲೇ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ಹೀಗೆ ಬರೆಯಿರಿ:

"ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 6(1)ರಡಿ, ಇಂಥ ಗ್ರಾಮದ ಇಂಥವರ ಮನೆಯಿಂದ ಇಂಥ ಸ್ಥಳದವರೆಗೆ ಇಂಥ ಸಾಲಿನಲ್ಲಿ ನಿರ್ಮಿಸಿದ ಸಿಸಿ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿ ನೀಡುವುದು: ಕ್ರಿಯಾ ಯೋಜನೆಯ ಸಂಬಂಧಿತ ಪುಟ, ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಕರಾರು ಪತ್ರ, ಅಳತೆ ಪುಸ್ತಕದ ಪುಟಗಳು, ಬಿಲ್ಲು ಮತ್ತು ಪಾವತಿ ವೋಚರ್, ಗುಣಮಟ್ಟ ಪರೀಕ್ಷಾ ವರದಿ, ಕಾಮಗಾರಿ ಮುಕ್ತಾಯ ಪ್ರಮಾಣ ಪತ್ರ, ಕಾಮಗಾರಿಯ ಮೂರು ಹಂತದ ಫೋಟೊ."

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಈ ದಾಖಲೆ ಇಲ್ಲ, ಇಂಜಿನಿಯರಿಂಗ್ ವಿಭಾಗದಲ್ಲಿದೆ ಅಂದರೆ, ಕಲಂ 6(3)ರಂತೆ 5 ದಿನದೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು. ನಿಮ್ಮನ್ನು ಅಲೆಸುವ ಹಾಗಿಲ್ಲ. ಉತ್ತರಕ್ಕೆ 30 ದಿನ. ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನ ಮೀರಿದರೆ ಕಲಂ 7(6)ರಂತೆ ಉಚಿತವಾಗಿ ಕೊಡಬೇಕು. ಕೈಯಲ್ಲಿ ಕೊಟ್ಟರೆ ಸೀಲು, ದಿನಾಂಕ ಇರುವ ಸ್ವೀಕೃತಿ ಪಡೆಯಿರಿ, ಇಲ್ಲವಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಅರ್ಜಿಯ ನಕಲಿಗೆ ಅಂಟಿಸಿ ಇಟ್ಟುಕೊಳ್ಳಿ. ಕೆಲಸ ಮಾಡಿದ ಕೂಲಿಯವರ ಬ್ಯಾಂಕ್ ಖಾತೆ, ಆಧಾರ್ ಇತ್ಯಾದಿ ಕೇಳಲೇಬೇಡಿ. ಅದು ನಿಮಗೆ ಬೇಕಾಗಿಯೂ ಇಲ್ಲ, ಅದೊಂದನ್ನು ಹಿಡಿದು ಇಡೀ ಅರ್ಜಿ ತಿರಸ್ಕರಿಸಬಹುದು.

ಇಷ್ಟರಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದದ್ದು ಅಳತೆ ಪುಸ್ತಕ, ಕಚೇರಿ ಮಾತಿನಲ್ಲಿ ಎಂಬಿ. ಬಿಲ್ಲಾಗುವುದು ರಸ್ತೆ ನೋಡಿ ಅಲ್ಲ, ಎಂಬಿ ನೋಡಿ. ಒಂದೊಂದು ಸಾಲಿನಲ್ಲೂ ಕೆಲಸದ ಹೆಸರು, ಅದರ ಮುಂದೆ ಸಂಖ್ಯೆ, ಉದ್ದ, ಅಗಲ, ದಪ್ಪ, ಕೊನೆಗೆ ಒಟ್ಟು ಪ್ರಮಾಣ ಇರುತ್ತದೆ. ಕೆಳಗೆ ಕಿರಿಯ ಇಂಜಿನಿಯರ್ ಸಹಿ, ಅಳತೆ ಮಾಡಿದ ದಿನಾಂಕ, ಮೇಲಧಿಕಾರಿ ತಪಾಸಣೆ ಮಾಡಿದ ಸಹಿ. ಕಾಂಕ್ರೀಟಿನ ಸಾಲಿಗೆ ನೇರ ಹೋಗಬೇಡಿ. ಅದರ ಮೇಲಿನ ಸಾಲುಗಳನ್ನು ಮೊದಲು ಓದಿ: ಮಣ್ಣು ಅಗೆತ, ಗ್ರಾವೆಲ್ ಅಥವಾ ಜಲ್ಲಿ ತಳಹಾಸು, ಅದರ ಮೇಲೆ ಬಡ ಕಾಂಕ್ರೀಟು (ಸಿಮೆಂಟು ಕಡಿಮೆ ಇರುವುದು), ಆಮೇಲೆ ಮೇಲಿನ ಕಾಂಕ್ರೀಟು, ಕೊನೆಗೆ ಎರಡೂ ಬದಿ ಗ್ರಾವೆಲ್ ತುಂಬಿದ್ದು. ಕಣ್ಣಿಗೆ ಕಾಣದ ತಳಹಾಸು ಮತ್ತು ಬದಿ ತುಂಬುವುದು, ಇವೆರಡು ಪುಸ್ತಕದಲ್ಲಿ ಇದ್ದು ನೆಲದಲ್ಲಿ ಇಲ್ಲದಿರುವುದೇ ಹೆಚ್ಚು.

ಇನ್ನೊಂದು: ಅದೇ ರಸ್ತೆ ಬೇರೆ ಯೋಜನೆಯಲ್ಲೂ ಬಿಲ್ಲಾಗಿದೆಯೇ ನೋಡಿ. ಒಂದರಲ್ಲಿ "ಮಾರಿಗುಡಿಯಿಂದ ಶಾಲೆವರೆಗೆ", ಇನ್ನೊಂದರಲ್ಲಿ "ಶಾಲೆಯಿಂದ ಅರಳಿಕಟ್ಟೆವರೆಗೆ" ಅಂತ ಹೆಸರು ಬದಲಾಗಿ, ನಡುವಿನ 40 ಮೀಟರ್ ಎರಡರಲ್ಲೂ ಸೇರಿರಬಹುದು. 15ನೇ ಹಣಕಾಸು ಆಯೋಗದ ದುಡ್ಡಾಗಿದ್ದರೆ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ನಿಮ್ಮ ಪಂಚಾಯಿತಿಯ ಕಾಮಗಾರಿ, ಪಾವತಿ ಎರಡನ್ನೂ ನೋಡಬಹುದು. ಅರ್ಜಿ ಹಾಕುವ ಮೊದಲು ಅದನ್ನು ನೋಡಿಕೊಂಡರೆ ಕಾಮಗಾರಿಯ ಸರಿಯಾದ ಹೆಸರು ಸಿಗುತ್ತದೆ. ಹೆಸರು ತಪ್ಪಿದರೆ "ಇಂಥ ಕಾಮಗಾರಿ ನಿರ್ವಹಿಸಿರುವುದಿಲ್ಲ" ಎಂಬ ಉತ್ತರ ಖಂಡಿತ.

---

ಕಾಂಕ್ರೀಟು ಕೆಲಸ, ಮೈಸೂರು

ಕಾಗದದ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ರಸ್ತೆ ಬಗ್ಗೆ ಹೇಳುತ್ತೇನೆ. ನೀವು ಬರೆದಿರುವ ನಾಲ್ಕು ತೊಂದರೆಗೂ ಕಾರಣ ಬೇರೆ ಬೇರೆ. ಎಲ್ಲವನ್ನೂ "ಕಳಪೆ" ಎಂಬ ಒಂದೇ ಪದದಲ್ಲಿ ಬರೆದರೆ ಇಂಜಿನಿಯರು ಒಂದಕ್ಕೆ ಸಮಜಾಯಿಷಿ ಕೊಟ್ಟು ಉಳಿದ ಮೂರನ್ನು ದಾಟಿಬಿಡುತ್ತಾರೆ.

ಚಕ್ಕೆ ಏಳುವುದು: ಸುಲಭವಾಗಿ ಹರಡಲಿ ಅಂತ ಕಾಂಕ್ರೀಟಿಗೆ ನೀರು ಹೆಚ್ಚು ಹಾಕಿದರೆ ಸಿಮೆಂಟಿನ ತೆಳು ಹಾಲು ಮೇಲಕ್ಕೆ ಬಂದು ನಿಲ್ಲುತ್ತದೆ. ಅದರ ಮೇಲೆ ಒಣ ಸಿಮೆಂಟು ಉದುರಿಸಿ ಕರಣೆ ಆಡಿಸಿದರೆ ಆ ದಿನ ನುಣ್ಣಗೆ ಕಾಣುತ್ತದೆ, ಆರು ತಿಂಗಳಿಗೆ ಹಪ್ಪಳದ ಹಾಗೆ ಏಳುತ್ತದೆ. ಕ್ಯೂರಿಂಗ್ ಸರಿಯಾಗಿ ಆಗದಿದ್ದರೂ ಹೀಗೇ. ಗೋಣಿಚೀಲ ಹಾಸಿಯೋ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿಯೋ ಕನಿಷ್ಠ 14 ದಿನ ತೇವ ಆರದಂತೆ ಇಡಬೇಕು. ಬೀಗದ ಕೈಯಿಂದ ಗೀರಿ ನೋಡಿ. ಬಿಳಿ ಪುಡಿ ಸುಲಭವಾಗಿ ಉದುರಿದರೆ ಕಾರಣ ಇದೇ. ಪೈಪ್ ಅಗೆತಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅಡ್ಡ ಬಿರುಕು: ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ. ಅದಕ್ಕಾಗಿ 4ರಿಂದ 5 ಮೀಟರಿಗೊಂದು ಅಡ್ಡ ಜಾಯಿಂಟ್ ಕೊಯ್ಯಬೇಕು, ದಪ್ಪದ ಮೂರರಲ್ಲಿ ಒಂದು ಪಾಲು ಆಳಕ್ಕೆ, ಹಾಕಿದ 24 ಗಂಟೆಯೊಳಗೆ. ನಾವು ಕೊಯ್ಯದಿದ್ದರೆ ಕಾಂಕ್ರೀಟು ತನಗೆ ಬೇಕಾದ ಕಡೆ ತಾನೇ ಸೀಳಿಕೊಳ್ಳುತ್ತದೆ. 120 ಮೀಟರಿನಲ್ಲಿ ಹೆಚ್ಚುಕಡಿಮೆ 25 ಜಾಯಿಂಟ್ ಕಾಣಬೇಕು. ಎಣಿಸಿ ಬರೆದಿಟ್ಟುಕೊಳ್ಳಿ.

ಉದ್ದ ಬಿರುಕು, ಅಂಚು ಕೂತದ್ದು: ನಾಲಾ ಬಯಲಿನ ಊರುಗಳಲ್ಲಿ ಇದು ಬೇರೆಯದೇ ಕಥೆ. ನಾಲೆಗೆ ನೀರು ಬಿಟ್ಟಾಗ ಗದ್ದೆಯಿಂದ ಜೌಗು ರಸ್ತೆಯಡಿಗೆ ಬಂದು ಮಣ್ಣು ಮೆತ್ತಗಾಗುತ್ತದೆ. ತಳಹಾಸು ಹಾಕಿ ರೋಲರ್ ಹೊಡೆಯದೆ, ಬದಿಗೆ ಗ್ರಾವೆಲ್ ತುಂಬದೆ ಬಿಟ್ಟರೆ, ಕಬ್ಬು ತುಂಬಿದ ಟ್ರ್ಯಾಕ್ಟರಿನ ಚಕ್ರ ಅಂಚಿಗೆ ಬಂದಾಗ ಅಂಚು ಮುರಿಯಲೇಬೇಕು. ಇಲ್ಲಿ ಒಂದು ಎಚ್ಚರ. ಅಂದಾಜು ಪಟ್ಟಿಯಲ್ಲೇ ತಳಹಾಸು ಇಲ್ಲದಿದ್ದರೆ ಗುತ್ತಿಗೆದಾರನನ್ನು ದೂರಿ ಫಲವಿಲ್ಲ. ಕಬ್ಬಿನ ಗಾಡಿ ಓಡಾಡುವ ದಾರಿಗೆ ಅಂಥ ಅಂದಾಜು ಪಟ್ಟಿ ಮಾಡಿದವರು, ಅದಕ್ಕೆ ತಾಂತ್ರಿಕ ಮಂಜೂರಾತಿ ಕೊಟ್ಟವರು ಉತ್ತರ ಹೇಳಬೇಕು.

ದಪ್ಪ ಅಳೆಯಲು ನಿಮಗೆ ಆ ಪೈಪಿನ ಅಗೆತವೇ ಅನುಕೂಲ. ಅಂಚಿನಲ್ಲಿ ಅಳೆದು ಸುಮ್ಮನಾಗಬೇಡಿ. ಅಚ್ಚಿನ ಹಲಗೆ ಇಟ್ಟ ಕಡೆ 15 ಸೆಂ.ಮೀ. ಇದ್ದು, ನಡುವೆ ಮಣ್ಣು ಉಬ್ಬಿಸಿ 9 ಸೆಂ.ಮೀ. ಹಾಕಿರುವುದುಂಟು. ಕತ್ತರಿಸಿದ ಮುಖದ ಮಣ್ಣನ್ನು ಬ್ರಷ್‌ನಿಂದ ಒರೆಸಿ, ಸ್ಟೀಲ್ ಟೇಪನ್ನು ನೆಟ್ಟಗೆ ಹಿಡಿದು, ಎಡ ಅಂಚು, ನಡು, ಬಲ ಅಂಚು ಮೂರೂ ಕಡೆ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ ಟೇಪಿನ ಅಂಕಿ ಓದುವಂತಿರಲಿ, ಇನ್ನೊಂದರಲ್ಲಿ ಹಿಂದಿನ ಮನೆಯೋ ಕಂಬವೋ ಕಾಣಲಿ. ಅಗೆತ ಪೂರ್ತಿ ಮುಚ್ಚುವ ಮೊದಲೇ ಮಾಡಿ, ನಾಳೆಯೇ ಆದರೆ ಒಳ್ಳೆಯದು.

ಲೆಕ್ಕ ನೋಡಿ: 120 × 3 × 0.15 ಅಂದರೆ 54 ಘನ ಮೀಟರ್. ಎಂ20 ದರ್ಜೆಯ ಮಿಶ್ರಣ, ಅಂದರೆ ಸಿಮೆಂಟು, ಮರಳು, ಜಲ್ಲಿ 1:1.5:3 ಆದರೆ ಘನ ಮೀಟರಿಗೆ ಹತ್ತಿರ ಹತ್ತಿರ 8 ಮೂಟೆ ಸಿಮೆಂಟು, ಒಟ್ಟು 432 ಮೂಟೆ. ಸರಾಸರಿ ದಪ್ಪ 10 ಸೆಂ.ಮೀ. ಮಾತ್ರ ಇದ್ದರೆ 36 ಘನ ಮೀಟರ್. ಹದಿನೆಂಟು ಘನ ಮೀಟರ್ ಕಾಂಕ್ರೀಟು, ಬರೀ ಸಿಮೆಂಟೇ 144 ಮೂಟೆ, ಪುಸ್ತಕದಲ್ಲಿದೆ, ರಸ್ತೆಯಲ್ಲಿಲ್ಲ. ದೂರಿನಲ್ಲಿ ಈ ಎರಡು ಸಾಲು ಬರೆದರೆ ಸಾಕು, ವಿಶೇಷಣ ಬೇಕಾಗಿಲ್ಲ.

---

ನಾಲೆ ಬಯಲು

ತುಂಬಾ ಉಪಕಾರ ಆಯ್ತು. ಇವತ್ತು ಸಂಜೆ ಅಳೆದೆವು. ಅಂಚಿನಲ್ಲಿ 14, ನಡುವೆ 10, ಇನ್ನೊಂದು ಅಂಚಿನಲ್ಲಿ 14 ಸೆಂ.ಮೀ. ಬಂತು. ಜಾಯಿಂಟ್ ಹುಡುಕಿದರೂ ಒಂದೂ ಇಲ್ಲ. ಊರಿನ ಹುಡುಗರು ಇನ್ನೂ ನಾಲ್ಕು ಕಡೆ ಒಡೆದು ನೋಡೋಣ ಅಂತಿದ್ದಾರೆ. ಒಡೀಬಹುದಾ? ಲೋಕಾಯುಕ್ತಕ್ಕೆ ಈಗಲೇ ಹೋಗಬಹುದಾ?

---

ಕಾಂಕ್ರೀಟು ಕೆಲಸ, ಮೈಸೂರು

ಒಡೆಯಬೇಡಿ, ದಯವಿಟ್ಟು. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ ಕೇಸು ನಿಮ್ಮ ಮೇಲೇ ತಿರುಗುತ್ತದೆ, ರಸ್ತೆ ಹಾಳಾದದ್ದೂ ನಿಮ್ಮಿಂದಲೇ ಎಂದಾಗುತ್ತದೆ. ಕಾನೂನಿನಲ್ಲೇ ದಾರಿ ಇದೆ. ಮಾಹಿತಿ ಹಕ್ಕಿನ ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವುದು, ವಸ್ತುವಿನ ದೃಢೀಕೃತ ಮಾದರಿ ಪಡೆಯುವುದು ಎರಡೂ ನಿಮ್ಮ ಹಕ್ಕು. ಇದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಿ. ಕೋರ್ ಕಟರ್‌ನಿಂದ ಉರುಳೆಯಾಕಾರದ ತುಂಡು ತೆಗೆದರೆ ದಪ್ಪವೂ ಗೊತ್ತಾಗುತ್ತದೆ, ಶಕ್ತಿಯೂ ಗೊತ್ತಾಗುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಂತೆ ಮೂರಕ್ಕಿಂತ ಕಡಿಮೆ ಕೋರ್ ಪರೀಕ್ಷೆ ಮಾಡುವ ಹಾಗಿಲ್ಲ. ಸರಾಸರಿ ಶಕ್ತಿ ನಿಗದಿತ ದರ್ಜೆಯ ಶೇ 85 ಇರಬೇಕು, ಯಾವೊಂದೂ ಶೇ 75ಕ್ಕಿಂತ ಕೆಳಗಿಳಿಯಬಾರದು. ಎಂ20ಗೆ ಅದು ಚದರ ಮಿಲಿಮೀಟರಿಗೆ 17 ಮತ್ತು 15 ನ್ಯೂಟನ್ ಆಗುತ್ತದೆ. ಕೋರ್ ತೆಗೆಯುವ ಜಾಗವನ್ನು ಅವರೊಬ್ಬರೇ ಆರಿಸಬಾರದು. ನೀವೂ ನಿಂತು ಗುರುತು ಹಾಕಿಸಿ, ಅಲ್ಲೇ ಮಹಜರು ಬರೆಸಿ ಸಹಿ ಮಾಡಿಸಿ. ಸುತ್ತಿಗೆಯಂಥ ಉಪಕರಣ ಒತ್ತಿ ನೋಡಿ "ಸರಿ ಇದೆ" ಅಂದರೆ ಒಪ್ಪಬೇಡಿ, ಮೇಲ್ಮೈ ಎದ್ದ ರಸ್ತೆಯಲ್ಲಿ ಆ ಅಂಕಿ ನಂಬುವಂಥದ್ದಲ್ಲ.

---

ಜಮಾಬಂದಿ

ಲೋಕಾಯುಕ್ತಕ್ಕೆ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣ ಪತ್ರ ಕೊಡಬೇಕು. ಪ್ರಮಾಣ ಮಾಡಿ ಹೇಳುವ ಮಾತಿಗೆ ಕೈಯಲ್ಲಿ ಎಂಬಿ ಪ್ರತಿ ಇರಲೇಬೇಕು. ಆರೋಪದ ದೂರಿಗೆ ಕೃತ್ಯ ನಡೆದು 5 ವರ್ಷದವರೆಗೆ ಅವಕಾಶವಿದೆ, ಆದ್ದರಿಂದ ಆತುರ ಇಲ್ಲ.

ಆತುರ ಬೇಕಾಗಿರುವುದು ಬೇರೆ ಕಡೆ. ಕರಾರು ಪತ್ರದಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಬರೆದಿರುತ್ತಾರೆ. ಅಷ್ಟು ಕಾಲ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಅವನ ಭದ್ರತಾ ಠೇವಣಿ ಇಲಾಖೆ ಬಳಿ ಇರುತ್ತದೆ. ಅವಧಿ ಮುಗಿದು ಠೇವಣಿ ವಾಪಸ್ ಹೋದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ನಿಮ್ಮದು ಈಗಾಗಲೇ 14 ತಿಂಗಳು ಅಂತೀರಿ. ಕರಾರು ಪತ್ರ ಕೈಗೆ ಬರುವವರೆಗೂ ಕಾಯದೆ, ಪಿಡಿಒ, ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮತ್ತು ಕಾರ್ಯಪಾಲಕ ಇಂಜಿನಿಯರ್ ಮೂವರಿಗೂ ಒಂದೇ ಪತ್ರ ಕೊಡಿ: ಈ ದಿನ ಇಷ್ಟು ದೋಷ ಕಂಡಿದೆ, ದುರಸ್ತಿಯಾಗುವವರೆಗೆ ಠೇವಣಿ ಬಿಡುಗಡೆ ಮಾಡಬಾರದು. ಜೊತೆಗೆ ಫೋಟೊ, ಊರಿನವರ ಸಹಿ. 1902 ಸಹಾಯವಾಣಿಯಲ್ಲೂ ಇದನ್ನೇ ದಾಖಲಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ.

ಪೈಪಿನವರ ನೆಪಕ್ಕೂ ಉತ್ತರ ಬೇಕಲ್ಲ. ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ, ಆ ರಸ್ತೆಯಲ್ಲಿ ಪೈಪ್ ಹಾಕಿದ ಅಳತೆ ಪುಟ ಮತ್ತು ಅಗೆದ ರಸ್ತೆಯನ್ನು ಸರಿಪಡಿಸಿದ್ದಕ್ಕೆ ಪಾವತಿಯಾದ ಬಿಲ್ಲು ಕೇಳಿ. ಅಗೆದದ್ದು ಎಷ್ಟು ಮೀಟರ್ ಅಂತ ಅಲ್ಲೇ ಸಿಗುತ್ತದೆ. ಒಂದು ಕಡೆ ಅಗೆದರೆ 120 ಮೀಟರ್ ಪೂರ್ತಿ ಚಕ್ಕೆ ಏಳುವುದಿಲ್ಲ.

ಊರಿನೊಳಗೆ ಬಲ ಬೇಕಾದರೆ ಗ್ರಾಮ ಸಭೆಗೆ ತನ್ನಿ. ಮಾತಾಡಿ ಬಂದರೆ ಸಾಲದು, ವಿಷಯ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ಕೂತಿದ್ದು ಓದಿಸಿ ಕೇಳಿ, ಆಮೇಲೆ ಪ್ರತಿ ಪಡೆಯಿರಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ, ಅಂದು ಲೆಕ್ಕಪತ್ರವನ್ನು ಜನರ ಮುಂದೆ ಇಡಬೇಕು, ಕಾಮಗಾರಿ ಸ್ಥಳಕ್ಕೂ ಹೋಗಿ ನೋಡಬೇಕು. ಬಹಳ ಊರುಗಳಲ್ಲಿ ಅದು ಸಹಿ ಸಂಗ್ರಹಕ್ಕೆ ಮುಗಿದುಹೋಗುವುದು ಜನ ಬಾರದೇ ಇರುವುದರಿಂದ. ಹತ್ತು ಜನ ಟೇಪು ಹಿಡಿದು ಹೋಗಿ, ಎಂಬಿ ತರಿಸಿ, ರಸ್ತೆ ಮೇಲೇ ಓದಿಸಿ.

---

ಅಳತೆ ಪುಸ್ತಕ

ಜಮಾಬಂದಿಯವರ ಮಾತು ಸರಿ. ಒಂದು ಸೇರಿಸುತ್ತೇನೆ. "ಕಡತ ಲಭ್ಯವಿಲ್ಲ" ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಬೇಡಿ. ಪಾವತಿ ಆಗಿದೆ ಅಂದ ಮೇಲೆ ಅದರ ಗುರುತು ಇನ್ನೊಂದು ಕಡೆ ಇದ್ದೇ ಇರುತ್ತದೆ: ಪಂಚಾಯಿತಿ ದುಡ್ಡಾದರೆ ಪಂಚತಂತ್ರ ತಂತ್ರಾಂಶದಲ್ಲಿ, ಇಲಾಖೆ ದುಡ್ಡಾದರೆ ಖಜಾನೆಯಲ್ಲಿ, ಫೋಟೊಗಳು ಕಾಮಗಾರಿ ದಾಖಲಿಸುವ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶದಲ್ಲಿ. ಆ ಸಾಲಿನ ಲೆಕ್ಕಪರಿಶೋಧನಾ ವರದಿಯನ್ನೂ ಅದಕ್ಕೆ ಪಂಚಾಯಿತಿ ಕೊಟ್ಟ ಅನುಪಾಲನಾ ವರದಿಯನ್ನೂ ಕೇಳಿ. ನಿಮ್ಮ ರಸ್ತೆಯ ಮೇಲೆ ಆಗಲೇ ಆಕ್ಷೇಪಣೆ ಬಿದ್ದಿರಬಹುದು.

30 ದಿನ ಕಳೆದು ಉತ್ತರ ಬರದಿದ್ದರೆ, ಅಥವಾ ಅರೆಬರೆ ಬಂದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪಂಚಾಯಿತಿ ವಿಷಯದಲ್ಲಿ ಅದು ತಾಲ್ಲೂಕು ಪಂಚಾಯಿತಿ ಇಒಗೆ. ಅವರು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ, ಹಾಗಾಗಿ ಮೊದಲ ಮೇಲ್ಮನವಿಯ ವಿಚಾರಣೆಗೆ ತಪ್ಪದೆ ಖುದ್ದಾಗಿ ಹೋಗಿ. ಬಾರದಿರುವ ಕಾಗದದ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಇಒ ಕೈಗೆ ಕೊಡಿ, ಆದೇಶದಲ್ಲಿ ಆ ಹೆಸರುಗಳೇ ಬರಬೇಕು. "ಲಭ್ಯ ಮಾಹಿತಿ ನೀಡುವುದು" ಎಂದಷ್ಟೇ ಆದೇಶವಾದರೆ ನೀವು ಮತ್ತೆ ಮೊದಲಿನ ಜಾಗಕ್ಕೇ ಬಂದಿರುತ್ತೀರಿ.

ಎಂಬಿ ಪುಟ ಬಂದಾಗ ಹೆಸರು, ಸಹಿ ಮರೆಮಾಡಿ ಇಲ್ಲಿ ಹಾಕಿ, ಸಾಲು ಸಾಲಾಗಿ ಓದೋಣ.