ಗಡಂಗು ಬಿಡುವ ಮೊದಲು

ಪ್ರಶ್ನೆ: ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಬಹುದಾ? ಗಡಂಗಿನ ದೋಸ್ತಿಗಳನ್ನು ದೂರ ಇಡುವುದು ಹೇಗೆ ಮಾರಾಯ್ರೇ?

ಬದಿಯಡ್ಕದಿಂದ: ವರ್ಷಗಟ್ಟಲೆ ಕುಡಿದವರು ಮನೆಯಲ್ಲೇ ನಿಲ್ಲಿಸಲು ಹೋಗಬೇಡಿ. 6ರಿಂದ 24 ಗಂಟೆಯೊಳಗೆ ಬೆವರು, ಕೈನಡುಕ. ಚಾಯದ ಗ್ಲಾಸು ತುಟಿಗೆ ಬರುವಷ್ಟರಲ್ಲಿ ಅರ್ಧ ಅಂಗಿಗೆ. ಫಿಟ್ಸ್ ಬರುವುದೂ ಉಂಟು. 48ರಿಂದ 72 ಗಂಟೆಗೆ ಇಲ್ಲದ್ದು ಕಾಣತೊಡಗಿದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಾದರೆ ಮೊದಲು ಥಯಮಿನ್ (ವಿಟಮಿನ್ ಬಿ1) ಕೊಟ್ಟು ಮತ್ತೆ ಗ್ಲೂಕೋಸ್ ಏರಿಸುತ್ತಾರೆ. ಕುಡಿತ ಬಿಡಲು ನೆರವಾಗುವ ಕೇರಳ ಅಬಕಾರಿಯವರ ‘ವಿಮುಕ್ತಿ’ಗೆ ಫೋನು 14405.

ಮಂಜೇಶ್ವರದಿಂದ: ಇಲ್ಲಿ ಕೇರಳದಲ್ಲಿ ಒಂದನೇ ತಾರೀಕು ಬಾಟಲಿ ಅಂಗಡಿ ಬಂದ್ ಅಲ್ವಾ? ಆ ದಿನ "ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ, ಬೈಕ್ ಉಂಟು" ಎನ್ನುವವನೇ ಕಳ್ಳ ದೋಸ್ತಿ. ಬಿಲ್ಲು ಬರುವಾಗ ಅವನಿಗೆ ಫೋನು ಬಂದಿರುತ್ತದೆ! ಎಟಿಎಂ ಕಾರ್ಡು ಮನೆಯವರ ಕೈಯಲ್ಲಿರಲಿ.

ಕುಂಬಳೆಯಿಂದ: ಗುಟ್ಟಾಗಿ ಸಾಂಬಾರಿಗೆ ಡೈಸಲ್ಫಿರಾಂ (ಕುಡಿತ ಬಿಡಿಸುವ ಮಾತ್ರೆ) ಬೆರೆಸುವ ಬುದ್ಧಿ ಬೇಡ. ಗೊತ್ತಿಲ್ಲದೆ ಅದರ ಮೇಲೆ ಶರಾಬು ಕುಡಿದರೆ ಬಿಪಿ ಕುಸಿದು ಪ್ರಾಣವೇ ಹೋಗಬಹುದು. ಮಾತ್ರೆ ಬಿಟ್ಟ ಮೇಲೂ 14 ದಿನ ಅದರ ಪ್ರಭಾವ ಇರಬಹುದು; ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪೂ ಆಗದು.