ಬೋರ್ ನೀರಿನ ಅಕ್ವೇರಿಯಂಗೆ ಯಾವ ಸ್ಟೆಮ್ (ಉದ್ದ ಕಾಂಡದ) ಗಿಡ? ಕತ್ತರಿ ಎಲ್ಲಿ ಇಡಬೇಕು?

ಕೊಪ್ಪಳದಿಂದ ಪ್ರಶ್ನೆ:
ನನ್ನದು ಎರಡು ಅಡಿ ಟ್ಯಾಂಕ್, ಸುಮಾರು 55 ಲೀಟರ್. ಬೋರ್ ನೀರು, ತುಂಬಾ ಗಡಸು. ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಕೊಡುವ ಸಿಒ2 ಸಿಲಿಂಡರ್ ಇಲ್ಲ, ಹಾಕುವ ಯೋಚನೆಯೂ ಇಲ್ಲ. ಕಬೊಂಬಾ ಅನ್ನೋ ಗಿಡ ಎರಡು ಸಲ ತಂದೆ. ಎರಡು ಸಲವೂ ಎಳೆ ಎಳೆಯಾಗಿ ಉದುರಿ ಫಿಲ್ಟರ್‌ಗೆ ಸಿಕ್ಕಿಕೊಂಡಿತು. ಜಾಸ್ತಿ ಆರೈಕೆ ಬೇಡದ ಗಿಡ ಯಾವುದು? ಕತ್ತರಿಸೋದು ಹೇಗೆ? ಕತ್ತರಿಸಿದರೆ ಸತ್ತೇ ಹೋಗುತ್ತೇನೋ ಅಂತ ಭಯ.

ರಾಯಚೂರಿನಿಂದ:
ಕಬೊಂಬಾ ಬಿಟ್ಟುಬಿಡಿ. ಅದಕ್ಕೆ ಮೆದು ನೀರು ಮತ್ತು ಒಳ್ಳೆ ಬೆಳಕು ಬೇಕು. ನಮ್ಮ ಕಡೆ ಗಿಡ ಆರಿಸುವಾಗ ಮೊದಲು ಬಿಸಿಯನ್ನೇ ಲೆಕ್ಕ ಹಾಕಬೇಕು. ಮೇ ತಿಂಗಳಲ್ಲಿ ನನ್ನ ಟ್ಯಾಂಕ್ ನೀರು 33 ಡಿಗ್ರಿ ಮುಟ್ಟುತ್ತದೆ. ಸುಲಭದ ಗಿಡ ಅಂತ ಅಂಗಡಿಯಲ್ಲಿ ಕೊಟ್ಟ ಅನಾಕರಿಸ್ ತಂಪು ನೀರಿನದು. ನನ್ನಲ್ಲಿ ಹತ್ತೇ ದಿನಕ್ಕೆ ಕೊಳೆತು ಲೋಳೆಯಾಯಿತು.

ಹೈಗ್ರೋಫಿಲಾ ಪಾಲಿಸ್ಪರ್ಮಾ ತನ್ನಿ. ನಮ್ಮ ದೇಶದ್ದೇ ಗಿಡ, ಬಿಸಿಯನ್ನೂ ಗಡಸು ನೀರನ್ನೂ ತಡೆಯುತ್ತದೆ. ತಂದ ಎರಡು ಮೂರು ವಾರ ಹಳೆ ಎಲೆ ಉದುರಬಹುದು. ನರ್ಸರಿಯಲ್ಲಿ ಅದನ್ನು ನೀರಿನ ಹೊರಗೆ ಬೆಳೆಸಿರುತ್ತಾರೆ. ಆ ಎಲೆ ಮುಟ್ಟಿದರೆ ದಪ್ಪ, ಗಟ್ಟಿ. ನೀರೊಳಗೆ ಹೊಸದಾಗಿ ಬರುವ ಎಲೆ ತೆಳ್ಳಗೆ, ಮೆತ್ತಗೆ ಇರುತ್ತದೆ. ತುದಿ ಹಸಿರಾಗಿದ್ದರೆ ಕಿತ್ತು ಎಸೆಯಬೇಡಿ. ಹಳೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಮಾತ್ರ ಪೊಟ್ಯಾಶಿಯಂ ಕಡಿಮೆಯಾಗಿದೆ ಅಂತ ನೋಡಿಕೊಳ್ಳಿ.

ಈಗ ಕತ್ತರಿ ವಿಷಯ. ಗಿಡ ನೀರಿನ ಮಟ್ಟ ಮುಟ್ಟಿ ಬಾಗಲು ಶುರುವಾದಾಗ ನಾನು ಕತ್ತರಿಸುತ್ತೇನೆ. ಕಾಂಡದಲ್ಲಿ ಎಲೆ ಹುಟ್ಟುವ ಜಾಗ ಇದೆಯಲ್ಲ, ಕಬ್ಬಿನ ಗೆಣ್ಣಿನ ಹಾಗೆ, ಅದರ ಸ್ವಲ್ಪ ಮೇಲೆ ಕತ್ತರಿ ಇಡಿ. ಮಧ್ಯಾಹ್ನ, ಲೈಟ್ ಹಾಕಿ ನಾಲ್ಕೈದು ಗಂಟೆ ಆದ ಮೇಲೆ ಕತ್ತರಿಸಿದರೆ ತುದಿಯಿಂದ ಸಣ್ಣ ಗುಳ್ಳೆಗಳು ದಾರ ಬಿಟ್ಟ ಹಾಗೆ ಮೇಲೇಳುತ್ತವೆ. ಗಿಡ ಒಳಗೆ ತಯಾರಿಸಿಟ್ಟ ಆಕ್ಸಿಜನ್ ಅದು. ಗಾಬರಿ ಬೇಡ. ವಾರ ಕಳೆದರೆ ಗೆಣ್ಣಿನ ಎರಡೂ ಕಡೆ ಅಕ್ಕಿ ಕಾಳಿನಷ್ಟು ಚಿಗುರು ಕಾಣುತ್ತದೆ. ಒಂದು ಕಾಂಡ ಇದ್ದದ್ದು ಎರಡಾಯಿತು.

ಕತ್ತರಿಸಿದ ತುದಿ ನಾಲ್ಕು ಇಂಚು ಇರಲಿ. ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆದು, ಆ ಗೆಣ್ಣುಗಳು ಮರಳಲ್ಲಿ ಮುಚ್ಚುವಂತೆ ನೆಡಿ. ಬೇರು ಅಲ್ಲಿಂದಲೇ ಬರುತ್ತದೆ. ಕಟ್ಟು ಕಟ್ಟಾಗಿ ನೆಡಬೇಡಿ. ಒಂದೊಂದೇ ಕಾಂಡ, ನಡುವೆ ಒಂದು ಬೆರಳು ಜಾಗ. ನಾಲ್ಕೈದು ಸಲ ಕತ್ತರಿಸಿದ ಮೇಲೆ ಬುಡ ನೆರಳಿಗೆ ಬಿದ್ದು ಬೋಳಾಗುತ್ತದೆ. ಆಗ ಬುಡ ಕಿತ್ತು ತುದಿಗಳನ್ನೇ ನೆಡುವುದು ಒಳ್ಳೆಯದು. ನಾನು ಮೊದಲು ಇದಕ್ಕೆ ಮನಸ್ಸು ಮಾಡದೆ ಒಂದು ವರ್ಷ ಬೋಳು ಕಡ್ಡಿಗಳನ್ನೇ ಸಾಕಿದೆ.

ಪದೇ ಪದೇ ಕತ್ತರಿಸಲು ಪುರುಸೊತ್ತಿಲ್ಲ ಅಂದರೆ ಬಕೋಪಾ ಕೆರೊಲಿನಿಯಾನಾ. ನಿಧಾನ ಬೆಳೆಯುತ್ತದೆ. ಎಲೆ ಹಿಚುಕಿದರೆ ನಿಂಬೆ ವಾಸನೆ ಬರುತ್ತದೆ, ಹಾಗೇ ಗುರುತು ಹಿಡಿಯಬಹುದು. ರೋಟಾಲಾ ರೊಟುಂಡಿಫೋಲಿಯಾ ಕೂಡ ಬದುಕುತ್ತದೆ, ಆದರೆ ಸಿಒ2 ಇಲ್ಲದೆ, ಸಾಧಾರಣ ಬೆಳಕಲ್ಲಿ ಫೋಟೋಗಳಲ್ಲಿ ಕಾಣುವ ಕೆಂಪು ಬರುವುದು ಕಷ್ಟ.

ಗಂಗಾವತಿಯಿಂದ:
ನಾನು ಹೈಡ್ರಿಲ್ಲಾ ಅನ್ನೋ ನೀರಿನ ಗಿಡ ಇಟ್ಟಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆ ಕಡೆ ಸಿಕ್ಕಿದ್ದು, ಒಂದು ಪೈಸೆ ಖರ್ಚಿಲ್ಲ. ವಾರಕ್ಕೊಮ್ಮೆ ಕತ್ತರಿಸಲೇಬೇಕು, ಅಷ್ಟು ಬೆಳೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಭತ್ತದ ಗದ್ದೆಯಿಂದ ಬಸಿದು ಬರುವ ನೀರಿನ ಗಿಡ ತರಬೇಡಿ. ನಾನು ತಂದು ತೊಳೆದು ಹಾಕಿದೆ. ಮರುದಿನ ಬೆಳಿಗ್ಗೆ ಸಿಗಡಿಗಳೆಲ್ಲ ಮಗುಚಿ ಬಿದ್ದಿದ್ದವು. ಔಷಧಿ ಹೊಡೆದ ಗದ್ದೆ ಅದು. ಈಗ ಯಾವ ಗಿಡ ತಂದರೂ ಬಕೆಟ್‌ನಲ್ಲಿ ಎರಡು ವಾರ, ನೀರು ಬದಲಿಸುತ್ತಾ ಇಡುತ್ತೇನೆ. ಬಸವನಹುಳದ ಮೊಟ್ಟೆಯೂ ಆಗ ಕಣ್ಣಿಗೆ ಬೀಳುತ್ತದೆ.

ಕತ್ತರಿಸಿದ್ದನ್ನು ಕಾಲುವೆಗೋ ಕೆರೆಗೋ ಎಸೆಯಬೇಡಿ, ದಯವಿಟ್ಟು. ತುಂಡೇ ಗಿಡವಾಗುತ್ತದೆ. ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಬಳ್ಳಾರಿಯಿಂದ:
ಬೇಸಿಗೆಯಲ್ಲಿ ಎಲ್ಲವನ್ನೂ ಒಂದೇ ದಿನ ಕತ್ತರಿಸಬೇಡಿ. ಮೀನಿನ ಹೊಲಸನ್ನು ಹೀರುವ ಎಲೆ ಒಮ್ಮೆಲೇ ಕಡಿಮೆಯಾದರೆ ಪಾಚಿ ಏರುತ್ತದೆ. ಈ ವಾರ ಅರ್ಧ, ಮುಂದಿನ ವಾರ ಅರ್ಧ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟಕ್ಕೆ ಬೋರ್ ನೀರು ತುಂಬಬೇಡಿ, ಗಡಸು ಏರುತ್ತಲೇ ಹೋಗುತ್ತದೆ. ಆರ್‌ಒ ನೀರು ಹಾಕಿ.

ಮತ್ತೆ ರಾಯಚೂರಿನಿಂದ:
ಕೊಪ್ಪಳದವರೇ, ದುಡ್ಡು ಕೊಟ್ಟು ತರಬೇಡಿ. ಭಾನುವಾರ ಆ ಕಡೆ ಬರುವುದಿದೆ. ಹೈಗ್ರೋಫಿಲಾದ ಹನ್ನೆರಡು ತುದಿ ಒದ್ದೆ ಪೇಪರ್‌ನಲ್ಲಿ ಸುತ್ತಿ, ಕವರ್‌ನಲ್ಲಿ ಕಟ್ಟಿ ತರುತ್ತೇನೆ. ಒಂದು ದಿನ ಏನೂ ಆಗುವುದಿಲ್ಲ. ಮರಳು ತೊಳೆದಿಟ್ಟಿರಿ.